ದೂರ ಅಷ್ಟೇ ಇದೆ, ಹಾರಾಟದ ಅವಧಿ ಏಕೆ ಬೆಳೆಯುತ್ತಿದೆ?

ಹೆಲ್ಸಿಂಕಿ ಮತ್ತು ಟೋಕಿಯೊ ನಗರಗಳ ನಡುವಿನ ನೇರ ವಾಯುದೂರ ಸುಮಾರು 7,800 ಕಿಲೋಮೀಟರ್. 2022ರ ಫೆಬ್ರುವರಿಯವರೆಗೆ ಹೆಲ್ಸಿಂಕಿಯಿಂದ ಹೊರಟ ವಿಮಾನ ಒಂಬತ್ತೂವರೆ ಗಂಟೆಯ ಆಸುಪಾಸಿನಲ್ಲಿ ಟೋಕಿಯೊ ತಲುಪುತ್ತಿತ್ತು. ಆ ತಿಂಗಳ ಕೊನೆಯಲ್ಲಿ ರಷ್ಯಾದ ವಾಯುಪ್ರದೇಶ ಯೂರೋಪಿನ ವಿಮಾನಗಳಿಗೆ ಮುಚ್ಚಿಹೋದ ಮೇಲೆ ಅದೇ ಪ್ರಯಾಣಕ್ಕೆ ಸುಮಾರು ಹದಿಮೂರು ಗಂಟೆ ಹಿಡಿಯತೊಡಗಿತು. ನಗರಗಳು ಇದ್ದಲ್ಲೇ ಇವೆ, ವಿಮಾನಗಳ ವೇಗವೂ ಕುಗ್ಗಿಲ್ಲ. ಆದರೂ ಪ್ರಯಾಣದ ಅವಧಿ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಬೆಳೆಯಿತು.

ಎರಡು ನಗರಗಳ ಹೆಸರು ಕೊಟ್ಟರೆ ಅವುಗಳ ನಡುವಿನ ದೂರವನ್ನೂ ಹಾರಾಟದ ಅವಧಿಯನ್ನೂ ಕ್ಷಣದಲ್ಲಿ ಹೇಳಿಬಿಡುವ ಸಾಧನಗಳು ಈಗ ಎಲ್ಲರ ಕೈಯಲ್ಲೂ ಇವೆ. ಅವು ಕೊಡುವ ಎರಡು ಅಂಕಿಗಳು ಅಕ್ಕಪಕ್ಕದಲ್ಲೇ ಕಾಣುವುದರಿಂದ ಎರಡೂ ಒಂದೇ ಬಗೆಯ ಸತ್ಯಗಳೆಂಬ ಭಾವನೆ ಮೂಡುತ್ತದೆ. ವಾಸ್ತವದಲ್ಲಿ ಹಾಗಿಲ್ಲ. ದೂರವೆಂಬುದು ಭೂಮಿಯ ಆಕಾರದಿಂದ ಹುಟ್ಟುವ ರೇಖಾಗಣಿತದ ಫಲ. ಅದನ್ನು ಒಮ್ಮೆ ಸರಿಯಾಗಿ ಲೆಕ್ಕ ಹಾಕಿದರೆ ಮುಗಿಯಿತು. ಅವಧಿಯನ್ನಾದರೋ ಮೇಲಿನ ಗಾಳಿ, ದೇಶಗಳ ನಡುವಿನ ಸಂಬಂಧ, ವಿಮಾನ ನಿಲ್ದಾಣಗಳ ದಟ್ಟಣೆ ಮತ್ತು ವೇಳಾಪಟ್ಟಿ ರೂಪಿಸುವವರ ಎಚ್ಚರಿಕೆ ಒಟ್ಟಾಗಿ ನಿರ್ಧರಿಸುತ್ತವೆ. ಕಳೆದ ಕೆಲವು ವರ್ಷಗಳಲ್ಲಿ ಈ ಎರಡರ ನಡುವಿನ ನಂಟು ಸಡಿಲಗೊಳ್ಳುತ್ತ ಬಂದಿದೆ. ಅದರ ಹೊರೆಯನ್ನು ಪ್ರಯಾಣಿಕರು ಮತ್ತು ವಾತಾವರಣ ಎರಡೂ ಹೊರುತ್ತಿರುವುದರಿಂದ ಈ ಸಂಗತಿಯನ್ನು ಬಿಡಿಸಿ ನೋಡುವುದು ಅಗತ್ಯ.

ದೂರದ ಲೆಕ್ಕ

ಗೋಳದ ಮೇಲಿನ ಎರಡು ಬಿಂದುಗಳನ್ನು ಸೇರಿಸುವ ಅತಿ ಚಿಕ್ಕ ದಾರಿ ಮಹಾವೃತ್ತದ ಒಂದು ಕಂಸವಾಗಿರುತ್ತದೆ. ಗೋಳದ ಕೇಂದ್ರದ ಮೂಲಕ ಹಾದುಹೋಗುವ ಸಮತಲವು ಗೋಳದ ಮೇಲ್ಮೈಯನ್ನು ಕತ್ತರಿಸುವ ವೃತ್ತವೇ ಮಹಾವೃತ್ತ. ಭೂಮಧ್ಯರೇಖೆ ಮಹಾವೃತ್ತ, ಎದುರುಬದುರಾಗಿರುವ ಎರಡೆರಡು ರೇಖಾಂಶಗಳು ಸೇರಿದರೂ ಮಹಾವೃತ್ತವಾಗುತ್ತದೆ. ಆದರೆ ಭೂಮಧ್ಯರೇಖೆಯೊಂದನ್ನು ಬಿಟ್ಟು ಉಳಿದ ಯಾವ ಅಕ್ಷಾಂಶ ವೃತ್ತವೂ ಮಹಾವೃತ್ತವಲ್ಲ. ಆದ್ದರಿಂದಲೇ ಒಂದೇ ಅಕ್ಷಾಂಶದ ಮೇಲಿರುವ ಎರಡು ನಗರಗಳ ನಡುವೆ ನೇರವಾಗಿ ಪೂರ್ವಕ್ಕೋ ಪಶ್ಚಿಮಕ್ಕೋ ಹೋಗುವುದು ಹತ್ತಿರದ ದಾರಿಯಲ್ಲ. 60 ಡಿಗ್ರಿ ಉತ್ತರ ಅಕ್ಷಾಂಶದ ಮೇಲೆ, ಭೂಮಿಯ ಎದುರುಬದುರು ಪಾರ್ಶ್ವಗಳಲ್ಲಿ ಎರಡು ಊರುಗಳಿವೆ ಎಂದು ಭಾವಿಸಿದರೆ, ಅಕ್ಷಾಂಶದ ಗುಂಟ ಹೋದಾಗ ದೂರ ಸುಮಾರು 10,000 ಕಿಲೋಮೀಟರ್ ಆಗುತ್ತದೆ. ಉತ್ತರ ಧ್ರುವದ ಮೇಲಿಂದ ಹೋದರೆ 6,700 ಕಿಲೋಮೀಟರಿಗಿಂತ ಕಡಿಮೆ.

ವ್ಯತ್ಯಾಸ ಯಾವಾಗಲೂ ಇಷ್ಟು ದೊಡ್ಡದಾಗಿರುವುದಿಲ್ಲ. ಟೋಕಿಯೊ ಮತ್ತು ಲಾಸ್ ಏಂಜಲೀಸ್ ಎರಡೂ 34ರಿಂದ 36 ಡಿಗ್ರಿ ಉತ್ತರ ಅಕ್ಷಾಂಶದ ನಡುವೆ ಇವೆ. ದಿಕ್ಸೂಚಿಯ ಒಂದೇ ಕೋನವನ್ನು ಹಿಡಿದು ಹೋದರೆ ಇವುಗಳ ನಡುವೆ ಸುಮಾರು 9,230 ಕಿಲೋಮೀಟರ್ ಆಗುತ್ತದೆ. ಮಹಾವೃತ್ತದ ದಾರಿ ಸುಮಾರು 8,750 ಕಿಲೋಮೀಟರ್. ಈ ಎರಡನೆಯ ದಾರಿ ಮಧ್ಯದಲ್ಲಿ 48 ಡಿಗ್ರಿ ಉತ್ತರದ ಸನಿಹಕ್ಕೆ, ಅಲ್ಯೂಷಿಯನ್ ದ್ವೀಪಗಳ ಕಡೆಗೆ ಬಾಗುತ್ತದೆ. ಸಪಾಟು ನಕಾಶೆಯಲ್ಲಿ ಇದು ಅನಗತ್ಯ ಸುತ್ತಾಟದಂತೆ ಕಾಣುವುದಕ್ಕೆ ಕಾರಣ, 1569ರಲ್ಲಿ ಗೆರಾರ್ಡಸ್ ಮರ್ಕೇಟರ್ ರೂಪಿಸಿದ ಮತ್ತು ಇಂದಿಗೂ ಪರದೆಗಳ ಮೇಲೆ ಹೆಚ್ಚಾಗಿ ಕಾಣಸಿಗುವ ನಕಾಶೆಯ ಕ್ರಮ. ಹಡಗಿನ ನಾವಿಕರು ಒಂದೇ ದಿಕ್ಕನ್ನು ಹಿಡಿದು ಸಾಗಲು ಅನುಕೂಲವಾಗಲೆಂದು ಮಾಡಿದ ನಕಾಶೆ ಅದು. ಅದರಲ್ಲಿ ಕೋನಗಳು ಸರಿಯಾಗಿ ಉಳಿಯುತ್ತವೆ, ಧ್ರುವಗಳ ಕಡೆಗೆ ಹೋದಂತೆ ಅಳತೆ ಹಿಗ್ಗುತ್ತ ಹೋಗುತ್ತದೆ.

ಭೂಮಿಯು ಪೂರ್ಣ ಗೋಳವಲ್ಲ ಎಂಬುದೂ ನಿಜ. ಭೂಮಧ್ಯರೇಖೆಯಲ್ಲಿ ಅದರ ತ್ರಿಜ್ಯ 6,378 ಕಿಲೋಮೀಟರ್, ಧ್ರುವಗಳಲ್ಲಿ 6,357 ಕಿಲೋಮೀಟರ್. 6,371 ಕಿಲೋಮೀಟರ್ ತ್ರಿಜ್ಯದ ಗೋಳವೆಂದು ಸರಳೀಕರಿಸಿ ಲೆಕ್ಕ ಹಾಕಿದರೆ ಹೆಚ್ಚೆಂದರೆ ಶೇಕಡ ಅರ್ಧದಷ್ಟು ತಪ್ಪಾಗಬಹುದು. ಹತ್ತು ಸಾವಿರ ಕಿಲೋಮೀಟರಿನ ದಾರಿಯಲ್ಲಿ ಅದು ಐವತ್ತು ಕಿಲೋಮೀಟರ್, ಅಂದರೆ ಹಾರಾಟದ ಮೂರೂವರೆ ನಿಮಿಷಕ್ಕಿಂತ ಕಡಿಮೆ. ವಿಮಾನ ಹನ್ನೊಂದು ಕಿಲೋಮೀಟರ್ ಎತ್ತರದಲ್ಲಿ ಹಾರುವುದರಿಂದ ಅದರ ಕಂಸ ನೆಲದ ಮೇಲಿನ ಕಂಸಕ್ಕಿಂತ ಉದ್ದವಾಗುತ್ತದೆಯಲ್ಲವೇ ಎಂದು ಕೇಳುವವರಿದ್ದಾರೆ. ಆಗುತ್ತದೆ, ಹತ್ತು ಸಾವಿರ ಕಿಲೋಮೀಟರಿಗೆ ಹದಿನೇಳು ಕಿಲೋಮೀಟರಿನಷ್ಟು. ಹೀಗಾಗಿ ಎರಡು ನಗರಗಳ ದೂರವನ್ನು ದಶಮಾಂಶ ಸ್ಥಾನಗಳವರೆಗೆ ಹೇಳುವುದರಿಂದ ಪ್ರಯಾಣಿಕನಿಗೆ ಯಾವ ಪ್ರಯೋಜನವೂ ಇಲ್ಲ. ನಗರದ ಕೇಂದ್ರದಿಂದ ಅಳೆದರೋ, ವಿಮಾನ ನಿಲ್ದಾಣದಿಂದ ಅಳೆದರೋ ಎಂಬ ಪ್ರಶ್ನೆಯೇ ಇದಕ್ಕಿಂತ ದೊಡ್ಡ ವ್ಯತ್ಯಾಸವನ್ನು ತರಬಲ್ಲದು: ಟೋಕಿಯೊದ ನರೀಟಾ ವಿಮಾನ ನಿಲ್ದಾಣ ನಗರದ ನಡುಭಾಗದಿಂದ ಅರವತ್ತು ಕಿಲೋಮೀಟರಿನಷ್ಟು ಆಚೆಗಿದೆ.

ದೂರವನ್ನು ವೇಗದಿಂದ ಭಾಗಿಸಿದರೆ ಸಾಲದು

ಅಂದಾಜಿನ ಸಾಧನಗಳು ಸಾಮಾನ್ಯವಾಗಿ ದೂರವನ್ನು ಗಂಟೆಗೆ 800ರಿಂದ 900 ಕಿಲೋಮೀಟರ್ ವೇಗದಿಂದ ಭಾಗಿಸಿ, ಏರಿಳಿತಕ್ಕೆಂದು ಅರ್ಧ ಗಂಟೆ ಸೇರಿಸುತ್ತವೆ. ಈ ವೇಗ ಕಲ್ಪನೆಯದೇನಲ್ಲ. ವಿಮಾನ ಹಾರುವ ಎತ್ತರದಲ್ಲಿ, ಉಷ್ಣಾಂಶ ಮೈನಸ್ 56 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿರುವಾಗ, ಶಬ್ದದ ವೇಗ ಗಂಟೆಗೆ ಸುಮಾರು 1,060 ಕಿಲೋಮೀಟರ್ ಇರುತ್ತದೆ. ಚಿಕ್ಕ ಜೆಟ್ ವಿಮಾನಗಳು ಅದರ ಶೇಕಡ 78ರಷ್ಟು, ದೂರಪ್ರಯಾಣದ ಅಗಲ ದೇಹದ ವಿಮಾನಗಳು ಶೇಕಡ 85ರಷ್ಟು ವೇಗದಲ್ಲಿ ಸಾಗುತ್ತವೆ. ಶಬ್ದದ ವೇಗಕ್ಕೆ ಇನ್ನೂ ಸಮೀಪಿಸಿದರೆ ರೆಕ್ಕೆಯ ಮೇಲೆ ಆಘಾತ ತರಂಗಗಳು ಬಲವಾಗಿ, ಗಾಳಿಯ ತಡೆ ಒಮ್ಮೆಲೇ ಏರಿ, ಇಂಧನ ವಿಪರೀತ ಖರ್ಚಾಗುತ್ತದೆ. 1950ರ ದಶಕದ ಕೊನೆಯಲ್ಲಿ ಸೇವೆಗೆ ಬಂದ ಜೆಟ್ ವಿಮಾನಗಳಿಗೂ ಇಂದಿನವುಗಳಿಗೂ ವೇಗದಲ್ಲಿ ಹೇಳಿಕೊಳ್ಳುವಂಥ ಅಂತರ ಇಲ್ಲದಿರುವುದು ಇದೇ ಕಾರಣಕ್ಕೆ. ಈ ಮಿತಿಯನ್ನು ದಾಟಿದ್ದ ಕಾಂಕಾರ್ಡ್ 1996ರ ಫೆಬ್ರುವರಿ 7ರಂದು ನ್ಯೂಯಾರ್ಕಿನಿಂದ ಲಂಡನ್ನಿಗೆ ಮೂರು ಗಂಟೆಯೂ ಹಿಡಿಯದೆ ತಲುಪಿತ್ತು. 2003ರಲ್ಲಿ ಅದು ಸೇವೆಯಿಂದ ನಿವೃತ್ತವಾಯಿತು.

ದೂರ ಕಡಿಮೆಯಿದ್ದಷ್ಟೂ ಈ ಸೂತ್ರ ಹೆಚ್ಚು ಎಡವುತ್ತದೆ. ಹಲವು ದೇಶಗಳಲ್ಲಿ ಹತ್ತು ಸಾವಿರ ಅಡಿಗಿಂತ ಕೆಳಗೆ ಹಾರುವಾಗ ವೇಗ 250 ನಾಟ್, ಅಂದರೆ ಗಂಟೆಗೆ 463 ಕಿಲೋಮೀಟರ್ ಮೀರಬಾರದೆಂಬ ನಿಯಮವಿದೆ. 35,000 ಅಡಿಯಿಂದ ಇಳಿಯಬೇಕಾದರೆ ನಿಲ್ದಾಣದಿಂದ ಸುಮಾರು 200 ಕಿಲೋಮೀಟರ್ ದೂರದಲ್ಲಿದ್ದಾಗಲೇ ಇಳಿಯಲು ಆರಂಭಿಸಬೇಕಾಗುತ್ತದೆ. ಏರುವುದಕ್ಕೂ ಸರಿಸುಮಾರು ಅಷ್ಟೇ ದೂರ ಬೇಕು. ಐನೂರು ಕಿಲೋಮೀಟರಿನ ಹಾರಾಟದಲ್ಲಿ ಪೂರ್ಣ ವೇಗದಲ್ಲಿ ಸಾಗುವ ಭಾಗ ಎಷ್ಟು ಚಿಕ್ಕದೆಂಬುದನ್ನು ಇದರಿಂದ ಊಹಿಸಬಹುದು. ಇದರ ಮೇಲೆ, ಗಾಳಿಗೆ ಎದುರಾಗಿಯೇ ವಿಮಾನ ಮೇಲೇರಬೇಕು ಮತ್ತು ಇಳಿಯಬೇಕು. ಹೋಗಬೇಕಾದ ಊರು ಪೂರ್ವಕ್ಕಿದ್ದು ಗಾಳಿ ಪಶ್ಚಿಮದಿಂದ ಬೀಸುತ್ತಿದ್ದರೆ ಮೊದಲು ಪಶ್ಚಿಮಕ್ಕೆ ಹಾರಿ, ಬಳಿಕ ತಿರುಗಿಕೊಳ್ಳಬೇಕು.

ಇನ್ನು, ಟಿಕೆಟ್ಟಿನಲ್ಲಿ ನಮೂದಾಗಿರುವ ಅವಧಿ ವಿಮಾನ ಗಾಳಿಯಲ್ಲಿರುವ ಅವಧಿಯೇ ಅಲ್ಲ. ವಿಮಾನವು ತಾನು ನಿಂತ ಜಾಗದಿಂದ ಹಿಂದಕ್ಕೆ ಸರಿದ ಕ್ಷಣದಿಂದ, ಗಮ್ಯ ನಿಲ್ದಾಣದಲ್ಲಿ ನಿಗದಿತ ಜಾಗಕ್ಕೆ ಬಂದು ನಿಲ್ಲುವವರೆಗಿನ ಸಮಯವನ್ನು ವಿಮಾನಯಾನದವರು ಬ್ಲಾಕ್ ಟೈಮ್ ಎನ್ನುತ್ತಾರೆ. ವೇಳಾಪಟ್ಟಿ ನಿಂತಿರುವುದು ಇದರ ಮೇಲೆ. ರನ್‌ವೇವರೆಗೆ ಸಾಗುವುದು, ಸರದಿಗಾಗಿ ಕಾಯುವುದು, ಇಳಿದ ಮೇಲೆ ಟರ್ಮಿನಲ್ ತಲುಪುವುದು ಎಲ್ಲವೂ ಇದರಲ್ಲಿ ಸೇರಿವೆ. ಆಮ್‌ಸ್ಟರ್‌ಡ್ಯಾಮ್ ನಿಲ್ದಾಣದ ಪೋಲ್ಡರ್‌ಬಾನ್ ಎಂಬ ರನ್‌ವೇ ಟರ್ಮಿನಲ್ಲಿನಿಂದ ಎಷ್ಟು ದೂರವಿದೆಯೆಂದರೆ, ಅಲ್ಲಿ ಇಳಿದ ವಿಮಾನ ನೆಲದ ಮೇಲೆಯೇ ಹತ್ತು ನಿಮಿಷಕ್ಕೂ ಹೆಚ್ಚು ಕಾಲ ಓಡಬೇಕಾಗುತ್ತದೆ.

ಬ್ಲಾಕ್ ಟೈಮ್ ನಿಗದಿಪಡಿಸುವಾಗ ವಿಮಾನಯಾನ ಸಂಸ್ಥೆಗಳು ಹಿಂದಿನ ಹಾರಾಟಗಳ ದಾಖಲೆಯನ್ನು ನೋಡಿ, ಹತ್ತರಲ್ಲಿ ಏಳೋ ಎಂಟೋ ಸಲ ಹೊತ್ತಿಗೆ ಸರಿಯಾಗಿ ತಲುಪುವಂತೆ ಒಂದಿಷ್ಟು ಹೆಚ್ಚುವರಿ ನಿಮಿಷಗಳನ್ನು ಸೇರಿಸುತ್ತವೆ. ಅಮೆರಿಕದ ಸಾರಿಗೆ ಇಲಾಖೆಯ ಲೆಕ್ಕದಲ್ಲಿ ವೇಳಾಪಟ್ಟಿಗಿಂತ ಹದಿನೈದು ನಿಮಿಷದೊಳಗಿನ ತಡ ತಡವಲ್ಲ. ಯೂರೋಪಿನಲ್ಲಿ ಗಮ್ಯವನ್ನು ಮೂರು ಗಂಟೆ ಅಥವಾ ಅದಕ್ಕಿಂತ ತಡವಾಗಿ ತಲುಪಿದರೆ ಪ್ರಯಾಣಿಕರು ಪರಿಹಾರ ಕೇಳಬಹುದು. ಇಂಥ ನಿಯಮಗಳಿರುವಾಗ ವೇಳಾಪಟ್ಟಿಯನ್ನು ಸ್ವಲ್ಪ ಹಿಗ್ಗಿಸುವುದು ಸಂಸ್ಥೆಗೆ ಲಾಭದಾಯಕ. ಇದನ್ನು ಮೋಸವೆಂದು ಕರೆಯುವುದು ನ್ಯಾಯವಲ್ಲ. ಸಂಪರ್ಕ ವಿಮಾನ ಹಿಡಿಯಬೇಕಾದವನಿಗೆ ನಂಬಬಹುದಾದ ಹೊತ್ತು ಬೇಕೇ ಹೊರತು, ಅಪರೂಪಕ್ಕೊಮ್ಮೆ ಸಾಧ್ಯವಾಗುವ ಅತಿ ಕಡಿಮೆ ಅವಧಿಯಲ್ಲ. ಆದರೆ ‘ಇಪ್ಪತ್ತು ನಿಮಿಷ ಮೊದಲೇ ತಲುಪಿದ್ದೇವೆ’ ಎಂಬ ಪ್ರಕಟಣೆ ಕೇಳಿದಾಗ, ಆ ಇಪ್ಪತ್ತು ನಿಮಿಷ ವೇಳಾಪಟ್ಟಿಯೊಳಗೆ ಮೊದಲೇ ಇಟ್ಟದ್ದಾಗಿರಬಹುದು ಎಂಬುದು ಪ್ರಯಾಣಿಕನಿಗೂ ತಿಳಿದಿರಬೇಕು.

ಟಿಕೆಟ್ಟಿನ ಮೇಲೆ ಹೊರಡುವ ಮತ್ತು ತಲುಪುವ ಸಮಯಗಳು ಆಯಾ ಊರಿನ ಸ್ಥಳೀಯ ಕಾಲದಲ್ಲಿರುತ್ತವೆ ಎಂಬುದನ್ನು ಹೆಚ್ಚಿನವರು ಬಲ್ಲರು. ಒಂದನ್ನು ಇನ್ನೊಂದರಿಂದ ಕಳೆಯುವ ಮೊದಲು ಎರಡನ್ನೂ ಒಂದೇ ಕಾಲಮಾನಕ್ಕೆ ತಂದುಕೊಂಡರೆ ಸಾಕು. ಇದರ ತುತ್ತತುದಿಯ ಉದಾಹರಣೆ ಪೆಸಿಫಿಕ್ ಸಾಗರದಲ್ಲಿದೆ. 2011ರ ಡಿಸೆಂಬರ್ 30ನ್ನು ಕ್ಯಾಲೆಂಡರಿನಿಂದಲೇ ಬಿಟ್ಟು ದಿನಾಂಕರೇಖೆಯ ಆಚೆ ಬದಿಗೆ ಸೇರಿಕೊಂಡ ಸಮೋವಾದಿಂದ ನೆರೆಯ ಅಮೆರಿಕನ್ ಸಮೋವಾಕ್ಕೆ ಹಾರಲು ಒಂದು ಗಂಟೆಯೂ ಬೇಡ. ಆದರೆ ತಲುಪುವುದು ಹಿಂದಿನ ದಿನ.

ಗಾಳಿ ತೂಗುವ ತಕ್ಕಡಿ

ನ್ಯೂಯಾರ್ಕ್ ಮತ್ತು ಲಂಡನ್ ನಡುವಿನ ದೂರ ಎರಡೂ ಕಡೆಯಿಂದ 5,540 ಕಿಲೋಮೀಟರ್. ಲಂಡನ್ನಿನಿಂದ ನ್ಯೂಯಾರ್ಕಿಗೆ ವೇಳಾಪಟ್ಟಿಯಲ್ಲಿ ಸುಮಾರು ಎಂಟು ಗಂಟೆ ಇದ್ದರೆ, ಮರಳುವ ದಾರಿಗೆ ಏಳು ಗಂಟೆಯ ಆಸುಪಾಸು. ಭೂಮಿ ಪಶ್ಚಿಮದಿಂದ ಪೂರ್ವಕ್ಕೆ ತಿರುಗುವುದರಿಂದ ಹೀಗಾಗುತ್ತದೆ ಎಂಬ ವಿವರಣೆ ಎಷ್ಟೋ ಕಡೆ ಕಾಣಸಿಗುತ್ತದೆ. ಅದು ಸರಿಯಲ್ಲ. ಭೂಮಿಯ ಜೊತೆಗೆ ಅದರ ವಾತಾವರಣವೂ ತಿರುಗುತ್ತದೆ. ಗಾಳಿಯೇ ಇಲ್ಲದ ದಿನ ಎರಡೂ ದಿಕ್ಕಿನ ಹಾರಾಟಕ್ಕೆ ಒಂದೇ ಅವಧಿ ಬೇಕಾಗುತ್ತದೆ. ನಿಜವಾದ ಕಾರಣ, ಒಂಬತ್ತರಿಂದ ಹನ್ನೆರಡು ಕಿಲೋಮೀಟರ್ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಹರಿಯುವ ಜೆಟ್ ಸ್ಟ್ರೀಮ್ ಎಂಬ ಗಾಳಿಯ ಪಟ್ಟಿ. ಉಷ್ಣವಲಯದ ಬಿಸಿ ಗಾಳಿಗೂ ಧ್ರುವದ ಕಡೆಯ ತಂಪು ಗಾಳಿಗೂ ನಡುವೆ ಇರುವ ಉಷ್ಣಾಂಶದ ಅಂತರ ಇದನ್ನು ಹುಟ್ಟಿಸುತ್ತದೆ, ಭೂಭ್ರಮಣ ಅದನ್ನು ಪೂರ್ವಕ್ಕೆ ತಿರುಗಿಸುತ್ತದೆ. ಭೂಮಿಯ ತಿರುಗುವಿಕೆಗೆ ಇದರಲ್ಲಿ ಪಾತ್ರವಿದೆ, ಆದರೆ ಪರೋಕ್ಷವಾಗಿ, ಗಾಳಿಯ ಮೂಲಕ ಮಾತ್ರ.

ಈ ಗಾಳಿಯನ್ನು ಮೊದಲು ಕ್ರಮಬದ್ಧವಾಗಿ ಅಳೆದವರು ಜಪಾನಿನ ಹವಾಮಾನ ವಿಜ್ಞಾನಿ ವಾಸಾಬುರೊ ಓಇಶಿ. 1920ರ ದಶಕದಲ್ಲಿ ಟಟೆನೊ ವೀಕ್ಷಣಾಲಯದಿಂದ ಬಲೂನುಗಳನ್ನು ಹಾರಿಬಿಟ್ಟು ಅವರು ಕಂಡುಕೊಂಡದ್ದನ್ನು ಜಗತ್ತೆಲ್ಲ ಓದಲೆಂದು ಎಸ್ಪೆರಾಂಟೊ ಭಾಷೆಯಲ್ಲಿ ಪ್ರಕಟಿಸಿದರು. ಆ ಬರಹ ಹೆಚ್ಚು ಜನರ ಗಮನಕ್ಕೆ ಬರಲಿಲ್ಲ. ಎರಡನೆಯ ಮಹಾಯುದ್ಧದ ಕೊನೆಯ ವರ್ಷಗಳಲ್ಲಿ ಜಪಾನಿನ ಮೇಲೆ ಬಹು ಎತ್ತರದಲ್ಲಿ ಹಾರಿದ ಅಮೆರಿಕದ ಬಾಂಬರ್ ವಿಮಾನಗಳು ಊಹಿಸದಷ್ಟು ಬಲವಾದ ಗಾಳಿಗೆ ಸಿಕ್ಕಿದಾಗ, ಇದೇ ಸತ್ಯ ಮತ್ತೊಮ್ಮೆ ಗೊತ್ತಾಗಬೇಕಾಯಿತು.

ಗಾಳಿ ಒಂದು ಕಡೆ ತೆಗೆದುಕೊಂಡದ್ದನ್ನು ಇನ್ನೊಂದು ಕಡೆ ಹಿಂದಿರುಗಿಸುತ್ತದೆ, ಹೋಗಿಬರುವ ಒಟ್ಟು ಲೆಕ್ಕದಲ್ಲಿ ಎಲ್ಲವೂ ಸರಿಹೋಗುತ್ತದೆ ಎಂಬ ನಂಬಿಕೆಯೂ ಪರೀಕ್ಷೆಗೆ ನಿಲ್ಲುವುದಿಲ್ಲ. ಐದು ಸಾವಿರ ಕಿಲೋಮೀಟರಿನ ದಾರಿ, ಗಂಟೆಗೆ 900 ಕಿಲೋಮೀಟರ್ ವೇಗದ ವಿಮಾನ ಮತ್ತು ಗಂಟೆಗೆ 150 ಕಿಲೋಮೀಟರ್ ವೇಗದ ಗಾಳಿಯನ್ನು ತೆಗೆದುಕೊಳ್ಳೋಣ. ಗಾಳಿ ಬೆನ್ನಿಗಿದ್ದಾಗ ನೆಲದ ಮೇಲಿನ ವೇಗ 1,050 ಆಗಿ, ಹಾರಾಟ 4 ಗಂಟೆ 46 ನಿಮಿಷದಲ್ಲಿ ಮುಗಿಯುತ್ತದೆ. ಎದುರುಗಾಳಿಯಲ್ಲಿ ವೇಗ 750ಕ್ಕೆ ಇಳಿದು, 6 ಗಂಟೆ 40 ನಿಮಿಷ ಬೇಕಾಗುತ್ತದೆ. ಒಟ್ಟು 11 ಗಂಟೆ 26 ನಿಮಿಷ. ಗಾಳಿಯೇ ಇಲ್ಲದಿದ್ದರೆ ಹೋಗಿಬರಲು 11 ಗಂಟೆ 7 ನಿಮಿಷ ಸಾಕಾಗುತ್ತಿತ್ತು. ಹತ್ತೊಂಬತ್ತು ನಿಮಿಷದ ನಷ್ಟಕ್ಕೆ ಕಾರಣ ಸರಳವಾಗಿದೆ: ಎದುರುಗಾಳಿಯಲ್ಲಿ ವಿಮಾನ ಹೆಚ್ಚು ಹೊತ್ತು ಇರುತ್ತದೆ, ಆದ್ದರಿಂದ ಅದರ ಕೆಡುಕನ್ನು ಹೆಚ್ಚು ಹೊತ್ತು ಅನುಭವಿಸುತ್ತದೆ. ಹರಿಯುವ ನದಿಯಲ್ಲಿ ದೋಣಿ ನಡೆಸುವವರಿಗೆ ಇದು ಹೊಸ ಸಂಗತಿಯೇನಲ್ಲ.

2020ರ ಫೆಬ್ರುವರಿ 8ರ ರಾತ್ರಿ ನ್ಯೂಯಾರ್ಕಿನಿಂದ ಹೊರಟ ಬೋಯಿಂಗ್ 747 ಒಂದು, ಕಿಯಾರಾ ಬಿರುಗಾಳಿಯ ಕಾಲದ ಜೆಟ್ ಸ್ಟ್ರೀಮಿನ ಬೆಂಬಲದಿಂದ 4 ಗಂಟೆ 56 ನಿಮಿಷದಲ್ಲಿ ಲಂಡನ್ ತಲುಪಿತು. ಒಂದು ಹಂತದಲ್ಲಿ ನೆಲಕ್ಕೆ ಹೋಲಿಸಿದರೆ ಅದರ ವೇಗ ಗಂಟೆಗೆ 1,300 ಕಿಲೋಮೀಟರ್ ಮೀರಿತ್ತು. ಆದರೂ ಅದು ಶಬ್ದದ ವೇಗವನ್ನು ದಾಟಿರಲಿಲ್ಲ. ತನ್ನನ್ನು ಸುತ್ತುವರಿದ ಗಾಳಿಗೆ ಹೋಲಿಸಿದರೆ ವಿಮಾನ ಎಂದಿನ ವೇಗದಲ್ಲೇ ಹಾರುತ್ತಿತ್ತು, ಆ ಗಾಳಿಯೇ ಇಡಿಯಾಗಿ ಪೂರ್ವಕ್ಕೆ ಧಾವಿಸುತ್ತಿತ್ತು.

ಹೀಗಿರುವಾಗ ಚಿಕ್ಕ ದಾರಿಯೇ ಬೇಗ ಮುಗಿಯುವ ದಾರಿ ಎನ್ನುವಂತಿಲ್ಲ. ಉತ್ತರ ಅಟ್ಲಾಂಟಿಕ್ ಸಾಗರದ ಮೇಲಿನ ವಿಮಾನ ಮಾರ್ಗಗಳನ್ನು ಬ್ರಿಟನ್ ಮತ್ತು ಐರ್ಲೆಂಡ್ ಕಡೆಯ ಶಾನ್‌ವಿಕ್ ಹಾಗೂ ಕೆನಡಾ ಕಡೆಯ ಗ್ಯಾಂಡರ್ ನಿಯಂತ್ರಣ ಕೇಂದ್ರಗಳು ದಿನಕ್ಕೆ ಎರಡು ಬಾರಿ, ಆ ದಿನದ ಗಾಳಿಯನ್ನು ನೋಡಿ ಹೊಸದಾಗಿ ರೂಪಿಸುತ್ತ ಬಂದಿವೆ. ಇನ್ನೂ ಸ್ಪಷ್ಟವಾದ ಉದಾಹರಣೆ ದೆಹಲಿ ಮತ್ತು ಸ್ಯಾನ್ ಫ್ರಾನ್ಸಿಸ್ಕೊ ನಡುವಿನದು. ಇವೆರಡರ ನಡುವಿನ ಮಹಾವೃತ್ತದ ದೂರ ಸುಮಾರು 12,400 ಕಿಲೋಮೀಟರ್. ಏರ್ ಇಂಡಿಯಾ ಮೊದಲು ಅಟ್ಲಾಂಟಿಕ್ ಕಡೆಯಿಂದ ಸುಮಾರು 13,900 ಕಿಲೋಮೀಟರ್ ಹಾರುತ್ತಿತ್ತು. 2016ರ ಅಕ್ಟೋಬರಿನಲ್ಲಿ ಅದು ಪೆಸಿಫಿಕ್ ದಾರಿಯನ್ನು ಹಿಡಿದು ಸುಮಾರು 15,300 ಕಿಲೋಮೀಟರ್ ಹಾರಿತು; ಗಾಳಿ ಬೆನ್ನಿಗಿದ್ದುದರಿಂದ ಹದಿನಾಲ್ಕೂವರೆ ಗಂಟೆಯಲ್ಲಿ, ಮೊದಲಿಗಿಂತ ಹೆಚ್ಚುಕಡಿಮೆ ಎರಡು ಗಂಟೆ ಬೇಗ ತಲುಪಿತು. ಸಾವಿರದ ನಾನೂರು ಕಿಲೋಮೀಟರ್ ಹೆಚ್ಚು ಹಾರಿ ಸಮಯ ಉಳಿಸಿದ ಈ ಪ್ರಸಂಗ, ದೂರವನ್ನೇ ನಂಬಿ ಅವಧಿಯನ್ನು ಊಹಿಸುವವರು ಮನಸ್ಸಿನಲ್ಲಿಟ್ಟುಕೊಳ್ಳಬೇಕಾದದ್ದು.

ಹವಾಮಾನ ಬದಲಾವಣೆ ಈ ಲೆಕ್ಕವನ್ನು ನಿಧಾನವಾಗಿ ತಿದ್ದುತ್ತಿದೆ. ವಾತಾವರಣದಲ್ಲಿ ಇಂಗಾಲದ ಡೈಆಕ್ಸೈಡ್ ಇಮ್ಮಡಿಯಾದರೆ ಅಟ್ಲಾಂಟಿಕ್ ಮೇಲಿನ ಜೆಟ್ ಸ್ಟ್ರೀಮ್ ಬಲಗೊಂಡು, ಪೂರ್ವಕ್ಕೆ ಹೋಗುವ ಹಾರಾಟಗಳು ಚಿಕ್ಕದಾಗಿ ಪಶ್ಚಿಮಕ್ಕೆ ಹೋಗುವವು ದೀರ್ಘವಾಗುತ್ತವೆ ಎಂದು ರೆಡಿಂಗ್ ವಿಶ್ವವಿದ್ಯಾಲಯದ ಪಾಲ್ ವಿಲಿಯಮ್ಸ್ 2016ರಲ್ಲಿ ಲೆಕ್ಕ ಹಾಕಿ ತೋರಿಸಿದರು. ಮೇಲಿನ ಹತ್ತೊಂಬತ್ತು ನಿಮಿಷಗಳ ಉದಾಹರಣೆಯನ್ನು ನೋಡಿದವರಿಗೆ ಇದರ ಪರಿಣಾಮ ಅರ್ಥವಾಗುತ್ತದೆ: ಗಾಳಿ ಬಲವಾದಷ್ಟೂ ಹೋಗಿಬರುವ ಒಟ್ಟು ಅವಧಿ ಹೆಚ್ಚುತ್ತದೆ, ಇಂಧನವೂ ಹೆಚ್ಚು ಉರಿಯುತ್ತದೆ.

ಮುಚ್ಚಿದ ಆಕಾಶ

ಗಾಳಿ ನಿಮಿಷಗಳನ್ನು ಬದಲಿಸುತ್ತದೆ, ಹೆಚ್ಚೆಂದರೆ ಒಂದೆರಡು ಗಂಟೆಗಳನ್ನು. ಗಡಿಗಳು ಬದಲಿಸುವ ಅವಧಿ ಅದಕ್ಕಿಂತ ದೊಡ್ಡದು, ಮತ್ತು ಅದು ಋತು ಕಳೆದರೆ ಸರಿಹೋಗುವಂಥದ್ದಲ್ಲ. ಪ್ರತಿಯೊಂದು ದೇಶಕ್ಕೂ ತನ್ನ ನೆಲದ ಮೇಲಿನ ಆಕಾಶದ ಮೇಲೆ ಸಂಪೂರ್ಣ ಸಾರ್ವಭೌಮತ್ವವಿದೆ ಎಂದು 1944ರ ಷಿಕಾಗೊ ಒಡಂಬಡಿಕೆಯ ಮೊದಲ ವಿಧಿಯೇ ಹೇಳುತ್ತದೆ. ನಿಗದಿತ ಸೇವೆಯ ವಿಮಾನವೊಂದು ಇನ್ನೊಂದು ದೇಶದ ಮೇಲಿಂದ ಇಳಿಯದೆ ಹಾದುಹೋಗುವುದಕ್ಕೂ ಒಪ್ಪಿಗೆ ಬೇಕು. ಈ ಒಪ್ಪಿಗೆಯನ್ನು ಸದಸ್ಯ ದೇಶಗಳು ಪರಸ್ಪರ ನೀಡಿಕೊಳ್ಳುವ ಒಪ್ಪಂದವೊಂದು ಅದೇ ವರ್ಷ ರೂಪುಗೊಂಡರೂ, ಭೂಪಟದ ಮೇಲೆ ಅತಿ ದೊಡ್ಡ ದೇಶವಾದ ರಷ್ಯಾ ಅದರಲ್ಲಿ ಸೇರಿಲ್ಲ. ಯೂರೋಪಿನಿಂದ ಪೂರ್ವ ಏಷ್ಯಾಕ್ಕೆ ಎಳೆದ ಮಹಾವೃತ್ತಗಳಲ್ಲಿ ಹೆಚ್ಚಿನವು ಸೈಬೀರಿಯಾದ ಮೇಲೆಯೇ ಹಾದುಹೋಗುತ್ತವೆ.

ಶೀತಲ ಸಮರದ ಕಾಲದಲ್ಲಿಯೂ ಇದೇ ಸ್ಥಿತಿ ಇತ್ತು. ಆಗ ಪಶ್ಚಿಮ ಯೂರೋಪಿನಿಂದ ಜಪಾನಿಗೆ ಹೋಗುವ ವಿಮಾನಗಳು ಧ್ರುವದ ಕಡೆಯಿಂದ ಸುತ್ತಿ, ಅಲಾಸ್ಕದ ಆಂಕರೇಜ್ ನಗರದಲ್ಲಿ ಇಳಿದು, ಇಂಧನ ತುಂಬಿಕೊಂಡು ಮುಂದೆ ಹೋಗುತ್ತಿದ್ದವು. 1983ರಲ್ಲಿ ಫಿನ್‌ಏರ್ ಹೆಚ್ಚುವರಿ ಇಂಧನದ ವ್ಯವಸ್ಥೆಯಿದ್ದ ಡಿಸಿ-10 ವಿಮಾನದಲ್ಲಿ ಹೆಲ್ಸಿಂಕಿಯಿಂದ ಉತ್ತರ ಧ್ರುವದ ಮೇಲಿಂದ ಟೋಕಿಯೊಗೆ ಎಲ್ಲೂ ನಿಲ್ಲದೆ ಹಾರಿದಾಗ ಹಿಡಿದದ್ದು ಸುಮಾರು ಹದಿಮೂರು ಗಂಟೆ. ಬಳಿಕ ಸೈಬೀರಿಯಾದ ಆಕಾಶ ತೆರೆದುಕೊಂಡು ಆ ಅವಧಿ ಹತ್ತು ಗಂಟೆಗಿಂತ ಕೆಳಗಿಳಿಯಿತು. 2022ರಲ್ಲಿ ಅದು ಮತ್ತೆ ಮುಚ್ಚಿತು. ಈಗ ವಿಮಾನಗಳು ಒಂದೋ ಉತ್ತರ ಧ್ರುವದ ಕಡೆಯಿಂದ, ಇಲ್ಲವೇ ದಕ್ಷಿಣಕ್ಕೆ ಇಳಿದು ಕಾಕಸಸ್ ಮತ್ತು ಮಧ್ಯ ಏಷ್ಯಾದ ಮೂಲಕ ಸುತ್ತಿ ಹೋಗುತ್ತವೆ. ನಾಲ್ಕು ದಶಕಗಳಲ್ಲಿ ವಿಮಾನಗಳು ಎಷ್ಟೋ ಪಾಲು ಸುಧಾರಿಸಿದರೂ, ಎರಡು ನಗರಗಳ ನಡುವಿನ ಹೊತ್ತು 1983ರ ಅಂಕಿಗೇ ಮರಳಿತು.

ಈ ಮುಚ್ಚುವಿಕೆ ಎಲ್ಲರಿಗೂ ಸಮಾನವಲ್ಲ ಎಂಬುದನ್ನು ಗಮನಿಸಬೇಕು. ಚೀನಾದ ವಿಮಾನಯಾನ ಸಂಸ್ಥೆಗಳು ರಷ್ಯಾದ ಮೇಲಿಂದ ಹಾರುವುದನ್ನು ಮುಂದುವರಿಸಿವೆ. ಹೀಗಾಗಿ ಯೂರೋಪಿನ ಒಂದು ನಗರ ಮತ್ತು ಬೀಜಿಂಗ್ ನಡುವೆ ಒಂದೇ ದಿನ ಹೊರಟ ಎರಡು ವಿಮಾನಗಳ ಅವಧಿಯಲ್ಲಿ, ಬಾಲದ ಮೇಲಿನ ಧ್ವಜ ಯಾವುದೆಂಬ ಒಂದೇ ಕಾರಣಕ್ಕೆ ಗಂಟೆಗಳ ಅಂತರ ಬರುತ್ತದೆ. ‘ಈ ಎರಡು ನಗರಗಳ ನಡುವೆ ಎಷ್ಟು ಗಂಟೆ’ ಎಂಬ ಪ್ರಶ್ನೆಗೆ ಒಂದೇ ಉತ್ತರ ಇಲ್ಲದಂತಾಗಿದೆ.

2025ರ ಏಪ್ರಿಲ್ 24ರಂದು ಪಾಕಿಸ್ತಾನ ತನ್ನ ಆಕಾಶವನ್ನು ಭಾರತದ ವಿಮಾನಯಾನ ಸಂಸ್ಥೆಗಳಿಗೆ ಮುಚ್ಚಿತು. ಭಾರತವೂ ಕೆಲವೇ ದಿನಗಳಲ್ಲಿ ಅದೇ ಕ್ರಮ ಕೈಗೊಂಡಿತು. ದೆಹಲಿಯಿಂದ ತಾಷ್ಕೆಂಟ್ ಸುಮಾರು 1,600 ಕಿಲೋಮೀಟರ್ ದೂರದಲ್ಲಿದೆ, ಮಹಾವೃತ್ತದ ಲೆಕ್ಕದಲ್ಲಿ ಎರಡೂವರೆ ಗಂಟೆಯ ದಾರಿ. ಆದರೆ ಪಾಕಿಸ್ತಾನವನ್ನು ತಪ್ಪಿಸಿ ಸುತ್ತಿಕೊಂಡು ಹೋಗಬೇಕಾದಾಗ ಆ ದಾರಿ ಇಂಡಿಗೊ ಸಂಸ್ಥೆಯ ವಿಮಾನಗಳ ವ್ಯಾಪ್ತಿಯನ್ನೇ ಮೀರಿತು, ತಾಷ್ಕೆಂಟ್ ಮತ್ತು ಅಲ್ಮಾಟಿ ಸೇವೆಗಳು ರದ್ದಾದವು. ದೆಹಲಿಯಿಂದ ಉತ್ತರ ಅಮೆರಿಕಕ್ಕೆ ಹೋಗುವ ಕೆಲವು ವಿಮಾನಗಳು ಇಂಧನಕ್ಕಾಗಿ ಯೂರೋಪಿನಲ್ಲಿ ಇಳಿಯಬೇಕಾಯಿತು. ಅದೇ ವರ್ಷದ ಜೂನ್‌ನಲ್ಲಿ ಇಸ್ರೇಲ್ ಮತ್ತು ಇರಾನ್ ನಡುವಿನ ಸಂಘರ್ಷದಿಂದ ಪಶ್ಚಿಮ ಏಷ್ಯಾದ ಆಕಾಶದ ದೊಡ್ಡ ಭಾಗ ಖಾಲಿಯಾಯಿತು. ರಷ್ಯಾ ಒಂದು ಕಡೆ, ಇರಾನ್ ಇನ್ನೊಂದು ಕಡೆ ಮುಚ್ಚಿರುವಾಗ ಯೂರೋಪ್ ಮತ್ತು ಏಷ್ಯಾ ನಡುವಿನ ಸಂಚಾರಕ್ಕೆ ಜಾರ್ಜಿಯಾ ಮತ್ತು ಅಜರ್‌ಬೈಜಾನ್‌ಗಳ ಮೇಲಿನ ಕಿರಿದಾದ ಪಟ್ಟಿ, ದಕ್ಷಿಣದಲ್ಲಿ ಈಜಿಪ್ಟ್ ಮತ್ತು ಸೌದಿ ಅರೇಬಿಯಾ ಮಾತ್ರ ಉಳಿಯುತ್ತವೆ. ಕಿರಿದಾದ ದಾರಿಯಲ್ಲಿ ವಿಮಾನಗಳು ದಟ್ಟೈಸಿದಾಗ ಬೇಕಾದ ಎತ್ತರ ಸಿಗದೆ, ಹೊರಡುವ ಹೊತ್ತು ಮುಂದೆ ಹೋಗಿ, ಸುತ್ತು ಹಾಕದವರಿಗೂ ತಡವಾಗುತ್ತದೆ.

ಇಂಥ ಮುಚ್ಚುವಿಕೆಗಳೆಲ್ಲ ರಾಜಕೀಯದ ಹಟ ಎಂದು ಹೇಳಿಬಿಡುವುದು ಸುಲಭ, ಆದರೆ ಅದು ಪೂರ್ಣ ಸತ್ಯವಲ್ಲ. 2014ರ ಜುಲೈ 17ರಂದು ಪೂರ್ವ ಉಕ್ರೇನಿನ ಮೇಲೆ ಹಾರುತ್ತಿದ್ದ ಮಲೇಷ್ಯಾ ಏರ್‌ಲೈನ್ಸ್ ವಿಮಾನ ಕ್ಷಿಪಣಿಗೆ ಗುರಿಯಾಗಿ 298 ಜನ ಸತ್ತರು. ಆ ದಿನ ಆ ಎತ್ತರದ ಆಕಾಶ ನಾಗರಿಕ ವಿಮಾನಗಳಿಗೆ ತೆರೆದೇ ಇತ್ತು. ಯುದ್ಧದ ನೆಲದ ಮೇಲಿನ ಆಕಾಶವನ್ನು ಹೊತ್ತಿಗೆ ಸರಿಯಾಗಿ ಮುಚ್ಚದಿರುವುದಕ್ಕಿಂತ ಮೂರು ಗಂಟೆಯ ಸುತ್ತು ಎಷ್ಟೋ ಮೇಲು. ಸುರಕ್ಷತೆಗಾಗಿ ಮುಚ್ಚುವುದಕ್ಕೂ, ಒಬ್ಬರು ಮುಚ್ಚಿದರೆಂದು ಇನ್ನೊಬ್ಬರು ಮುಚ್ಚುವುದಕ್ಕೂ ಇರುವ ಅಂತರವನ್ನು ಮಾತ್ರ ನಾವು ಮರೆಯಬಾರದು.

ನೆಲದ ಸ್ವರೂಪವೂ ಕೆಲವೊಮ್ಮೆ ದಾರಿಯನ್ನು ಬಾಗಿಸುತ್ತದೆ. ಟಿಬೆಟ್ ಪ್ರಸ್ಥಭೂಮಿಯ ಮೇಲೆ ವಿಮಾನದೊಳಗಿನ ಗಾಳಿಯ ಒತ್ತಡ ಕುಸಿದರೆ, ಉಸಿರಾಡಬಹುದಾದ ಹತ್ತು ಸಾವಿರ ಅಡಿಯ ಮಟ್ಟಕ್ಕೆ ಇಳಿಯಲು ಅಲ್ಲಿನ ನೆಲವೇ ಬಿಡುವುದಿಲ್ಲ. ಆದ್ದರಿಂದ ಬಹುತೇಕ ಮಾರ್ಗಗಳು ಅದನ್ನು ತಪ್ಪಿಸುತ್ತವೆ. ಸಾಗರಗಳ ಮೇಲೆ ಎರಡು ಎಂಜಿನ್ನಿನ ವಿಮಾನ ಒಂದೇ ಎಂಜಿನ್ನಿನಲ್ಲಿ ನಿಗದಿತ ನಿಮಿಷಗಳೊಳಗೆ ಯಾವುದಾದರೂ ನಿಲ್ದಾಣ ತಲುಪುವಂತಿರಬೇಕು. ಒಂದು ಕಾಲಕ್ಕೆ 60 ನಿಮಿಷವಿದ್ದ ಈ ಮಿತಿ 1985ರಲ್ಲಿ 120ಕ್ಕೆ, ಮೂರು ವರ್ಷಗಳ ಬಳಿಕ 180ಕ್ಕೆ ಏರಿ, ಏರ್‌ಬಸ್ ಎ350ಕ್ಕೆ 370 ನಿಮಿಷದವರೆಗೆ ಅನುಮತಿ ಸಿಕ್ಕಿದೆ. ಎಂಜಿನ್ನುಗಳ ವಿಶ್ವಾಸಾರ್ಹತೆ ತೆರೆದುಕೊಟ್ಟ ದಾರಿಗಳನ್ನೇ ಈಗ ಗಡಿಗಳು ಮುಚ್ಚುತ್ತಿವೆ ಎಂಬುದು ಖೇದದ ಸಂಗತಿ.

ಕಾನೂನು ಅಳೆಯುವ ದೂರ

ಇಷ್ಟಾದರೂ ನಿಯಮಗಳು ಮತ್ತು ಲೆಕ್ಕಪತ್ರಗಳು ನಂಬಿರುವುದು ನಕಾಶೆಯ ದೂರವನ್ನೇ. ಯೂರೋಪಿನ 2004ರ ಪ್ರಯಾಣಿಕ ಹಕ್ಕುಗಳ ನಿಯಮ ಪರಿಹಾರದ ಮೊತ್ತವನ್ನು 1,500 ಮತ್ತು 3,500 ಕಿಲೋಮೀಟರಿನ ಮೆಟ್ಟಿಲುಗಳಲ್ಲಿ ನಿಗದಿಪಡಿಸುತ್ತದೆ. ಆ ದೂರವನ್ನು ಮಹಾವೃತ್ತದ ಕ್ರಮದಲ್ಲೇ ಅಳೆಯಬೇಕು. ನಡುವೆ ಬೇರೊಂದು ಊರಿನಲ್ಲಿ ವಿಮಾನ ಬದಲಿಸಿ ಸುತ್ತಿಕೊಂಡು ಹೋದರೂ, ಮೊದಲು ಹೊರಟ ಊರು ಮತ್ತು ಕೊನೆಯ ಗಮ್ಯದ ನಡುವಿನ ನೇರ ದೂರವೇ ಲೆಕ್ಕ ಎಂದು ಯೂರೋಪಿನ ನ್ಯಾಯಾಲಯ 2017ರಲ್ಲಿ ತೀರ್ಪು ಕೊಟ್ಟಿದೆ. ಪರಿಹಾರದ ವಿಷಯದಲ್ಲಿ ಇದು ಸರಿಯೆಂದೇ ತೋರುತ್ತದೆ. ಪ್ರಯಾಣಿಕನಿಗೆ ಬೇಕಾದದ್ದು ಗಮ್ಯ. ವಿಮಾನ ಎಲ್ಲಿಂದ ಸುತ್ತಿತು ಎಂಬುದರ ಮೇಲೆ ಅವನ ಹಕ್ಕು ಏರಿಳಿಯಬಾರದು, ಮತ್ತು ಎಲ್ಲರೂ ಪರಿಶೀಲಿಸಬಹುದಾದ ಒಂದು ಅಂಕಿ ಇದ್ದರೆ ವಿವಾದವೂ ಕಡಿಮೆ.

ಇಂಧನ ಮತ್ತು ಹೊಗೆಯ ವಿಷಯದಲ್ಲಿ ಇದೇ ಮಾತನ್ನು ಹೇಳಲಾಗದು. ಪ್ರಯಾಣಿಕನೊಬ್ಬನ ಪಾಲಿನ ಇಂಗಾಲದ ಹೊರಸೂಸುವಿಕೆಯನ್ನು ಅಂದಾಜು ಮಾಡಲು ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಘಟನೆ ರೂಪಿಸಿದ ವಿಧಾನ ಮಹಾವೃತ್ತದ ದೂರಕ್ಕೆ ಒಂದು ತಿದ್ದುಪಡಿಯನ್ನು ಸೇರಿಸುತ್ತದೆ: 550 ಕಿಲೋಮೀಟರಿಗಿಂತ ಕಡಿಮೆಯಿದ್ದರೆ 50 ಕಿಲೋಮೀಟರ್, 5,500ರವರೆಗೆ 100, ಅದಕ್ಕೂ ಮೀರಿದರೆ 125. ಎಂದಿನ ಹಾರಾಟಕ್ಕೆ ಇದು ಸಾಧುವಾದ ತಿದ್ದುಪಡಿ. ಯೂರೋಪಿನ ಆಕಾಶದಲ್ಲಿ ವಿಮಾನಗಳು ನಿಜವಾಗಿ ಹಾರುವ ದಾರಿ ನೇರ ದಾರಿಗಿಂತ ಶೇಕಡ 3ರ ಆಸುಪಾಸಿನಲ್ಲಿ ಮಾತ್ರ ಹೆಚ್ಚಿರುತ್ತದೆ. ಆದರೆ ಹೆಲ್ಸಿಂಕಿಯಿಂದ ಟೋಕಿಯೊಗೆ ಮೂರು ಗಂಟೆಗೂ ಹೆಚ್ಚು ಕಾಲ ಅಧಿಕವಾಗಿ ಹಾರುವ ವಿಮಾನದ ಸುತ್ತು 125 ಕಿಲೋಮೀಟರಿನೊಳಗೆ ಅಡಗುವಂಥದ್ದಲ್ಲ. ದೂರದ ಹಾರಾಟದಲ್ಲಿ ಹೆಚ್ಚುವರಿ ಇಂಧನವನ್ನು ಹೊತ್ತೊಯ್ಯಲಿಕ್ಕೇ ಮತ್ತಷ್ಟು ಇಂಧನ ಬೇಕಾಗುವುದರಿಂದ, ಅವಧಿ ಬೆಳೆದ ಪ್ರಮಾಣಕ್ಕಿಂತ ಹೆಚ್ಚು ಪ್ರಮಾಣದಲ್ಲಿ ಇಂಧನದ ಖರ್ಚು ಬೆಳೆಯುತ್ತದೆ. ಬರಿಯ ನೇರ ದೂರವನ್ನು ನೋಡುವ ಲೆಕ್ಕಕ್ಕೆ ಈ ಹೊಗೆ ಕಾಣುವುದೇ ಇಲ್ಲ.

ನಿಜವಾಗಿ ಹಾರಿದ ದಾರಿ ಗೊತ್ತಿಲ್ಲ ಎಂಬ ಸಬೂಬು ಈಗ ನಡೆಯದು. ಇಂದಿನ ಪ್ರಯಾಣಿಕ ವಿಮಾನಗಳಲ್ಲಿ ಬಹುಪಾಲು ತಮ್ಮ ಸ್ಥಾನ, ಎತ್ತರ ಮತ್ತು ವೇಗವನ್ನು ಎಡಿಎಸ್-ಬಿ ವ್ಯವಸ್ಥೆಯ ಮೂಲಕ ಸೆಕೆಂಡಿಗೊಮ್ಮೆಗಿಂತ ಹೆಚ್ಚು ಬಾರಿ ಪ್ರಸಾರ ಮಾಡುತ್ತಿರುತ್ತವೆ. ನೆಲದ ಮೇಲಿನ ರಿಸೀವರುಗಳೂ ಉಪಗ್ರಹಗಳೂ ಅದನ್ನು ದಾಖಲಿಸುತ್ತಿರುತ್ತವೆ. ಎರಡು ನಗರಗಳ ನಡುವೆ ಕಳೆದ ಒಂದು ತಿಂಗಳಲ್ಲಿ ಪ್ರತಿ ವಿಮಾನ ಎಷ್ಟು ಕಿಲೋಮೀಟರ್ ಹಾರಿತು, ಗಾಳಿಯಲ್ಲಿ ಎಷ್ಟು ಹೊತ್ತಿತ್ತು, ನೆಲದ ಮೇಲೆ ಎಷ್ಟು ಹೊತ್ತು ಓಡಿತು ಎಂಬ ಮಾಹಿತಿ ಇದರಿಂದ ಸಿಗುತ್ತದೆ. ಟಿಕೆಟ್ ಮಾರುವ ಪುಟದಲ್ಲಿ, ನೇರ ದೂರದ ಪಕ್ಕದಲ್ಲೇ, ಈ ಋತುವಿನಲ್ಲಿ ಆ ಸಂಸ್ಥೆಯ ವಿಮಾನ ಹಾರಿದ ಸರಾಸರಿ ದೂರವನ್ನೂ ಎರಡೂ ದಿಕ್ಕಿನ ಸರಾಸರಿ ಅವಧಿಯನ್ನೂ ತೋರಿಸುವಂತೆ ನಿಯಂತ್ರಕ ಸಂಸ್ಥೆಗಳು ಕೇಳಬಹುದು, ಹೊರಸೂಸುವಿಕೆಯ ಅಂದಾಜನ್ನು ಆ ಹಾರಿದ ದೂರದ ಮೇಲೆಯೇ ಮಾಡಬೇಕೆಂದು ವಿಧಿಸಬಹುದು. ಹಾಗಾದರೆ ಒಂದೇ ಎರಡು ನಗರಗಳ ನಡುವೆ ಹಾರುವ ಎರಡು ಸಂಸ್ಥೆಗಳಲ್ಲಿ ಯಾವುದು ಎಷ್ಟು ಸುತ್ತುತ್ತದೆ, ಎಷ್ಟು ಇಂಧನ ಉರಿಸುತ್ತದೆ ಎಂಬುದು ಹಣ ಕೊಡುವ ಮೊದಲೇ ಪ್ರಯಾಣಿಕನ ಕಣ್ಣಮುಂದಿರುತ್ತದೆ.